ಮುದ್ದೆಮಾಲು ಕೋಣೆಯಲ್ಲಿ ನನ್ನದೊಂದು ಡಬ್ಬಿ

ಮನುಷ್ಯನ ಹೊಟ್ಟೆಯಿಂದ ಹೊರಬಂದ ವಸ್ತುವಿನ ಒಡೆತನ ಯಾರದ್ದು? ಇಂಥ ಪ್ರಶ್ನೆ ಕೇಳಿದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಮುಚ್ಚಿಕೊಳ್ಳಿ. ನಾನೂ ಬಹಳ ದಿನ ಮುಚ್ಚಿಕೊಂಡೇ ಇದ್ದೆ. ಆದರೆ ತುಂಬಿದ ನ್ಯಾಯಾಲಯದಲ್ಲಿ, ಕರಿಕೋಟು ತೊಟ್ಟ ಇಬ್ಬರು ವಿದ್ಯಾವಂತರು ಈ ಪ್ರಶ್ನೆ ಎತ್ತಿಕೊಂಡು ಪರವಾಗಿಯೂ ವಿರೋಧವಾಗಿಯೂ ವಾದ ಮಾಡಿದ್ದನ್ನು ನಾನು ಕೈಯಾರೆ ಬರೆದುಕೊಂಡಿದ್ದೇನೆ. ವಸ್ತು ನನ್ನದೇ. ಈ ಅನ್ಯಾಯವನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಹೇಗೂ ಹತ್ತುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಕೋರ್ಟಿನ ಸ್ಟೆನೋ. ಸಾಹೇಬರು, ಅಂದರೆ ನ್ಯಾಯಾಧೀಶರು, ಹೇಳಿದ್ದನ್ನು, ಸಾಕ್ಷಿಗಳು ಹೇಳಿದ್ದನ್ನು, ವಕೀಲರು ಹೇಳಿ ಆಮೇಲೆ ಹೇಳಿಯೇ ಇಲ್ಲ ಅಂದದ್ದನ್ನು ಶೀಘ್ರಲಿಪಿಯ ಗೀರುಗಳಲ್ಲಿ ಹಿಡಿದಿಟ್ಟು ಆಮೇಲೆ ಟೈಪು ಮಾಡುವುದು ನನ್ನ ಕೆಲಸ. ನಾನು ಬರೆದರೆ ಅದು ಮಾತು. ಬರೆಯದಿದ್ದರೆ ಬರೀ ಸದ್ದು. ಶೀಘ್ರಲಿಪಿಯಲ್ಲಿ ಎಲ್ಲಕ್ಕೂ ಒಂದು ಗೀರಿದೆ, ಮೌನಕ್ಕೆ ಮಾತ್ರ ಇಲ್ಲ. ಯಾರಾದರೂ ಸುಮ್ಮನಾದರೆ ನನ್ನ ಪೆನ್ಸಿಲು ಗಾಳಿಯಲ್ಲಿ ಕಾಯುತ್ತಾ ನಿಲ್ಲುತ್ತದೆ.

ಇಂಥ ಜವಾಬ್ದಾರಿಯ ಮನುಷ್ಯನಿಗೆ ದೇವರು ಕೊಟ್ಟ ಕರುಳು ನೋಡಿ. ದೊಡ್ಡ ಕರುಳಿನ ಉರಿಯೂತ. ಡಾಕ್ಟರು ಅದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಅನ್ನುತ್ತಾರೆ. ಮನೆಯಲ್ಲಿ "ಇವರ ಹೊಟ್ಟೆ" ಅನ್ನುತ್ತಾರೆ. ಮಾತ್ರೆಗೆ ತಗ್ಗಿ ಸಭ್ಯವಾಗಿರುತ್ತದೆ, ತಿಂಗಳುಗಟ್ಟಲೆ. ಒಮ್ಮೆ ಕೆರಳಿತೋ, ಕರೆ ಬಂದ ಮೇಲೆ ಒಂದು ಪೂರ್ಣವಿರಾಮ ಹಾಕುವಷ್ಟೂ ವ್ಯವಧಾನ ಕೊಡುವುದಿಲ್ಲ.

ಸ್ಟೆನೋ ಎದ್ದರೆ ಕೋರ್ಟು ನಿಲ್ಲುತ್ತದೆ. ಸಾಹೇಬರು ಬಾಯಿ ತೆರೆದು ಹಾಗೇ ಕೂರಬೇಕು, ಸಾಕ್ಷಿ ಕಟಕಟೆಯಲ್ಲಿ ಕೈಕಟ್ಟಿ ನಿಲ್ಲಬೇಕು. ತುಂಬಿದ ಸಭೆಯಲ್ಲಿ ಎದ್ದುನಿಂತು, "ಸ್ವಾಮಿ, ನನಗೆ ಅರ್ಜೆಂಟು" ಅನ್ನಲು ನಾನೇನು ಒಂದನೇ ಕ್ಲಾಸಿನ ಹುಡುಗನೇ? ಹಾಗಾಗಿ ಪೆನ್ಸಿಲು ಎತ್ತಿ ಹಿಡಿದು, "ಮೊಂಡಾಗಿದೆ ಸ್ವಾಮಿ, ಚೂಪು ಮಾಡಿಕೊಂಡು ಬರ್ತೀನಿ" ಅನ್ನುತ್ತಿದ್ದೆ. ಮಾನವಂತರು ಮತ್ತೇನು ಹೇಳಬೇಕು?

ಈ ಸಲ ಹೊಟ್ಟೆ ಕೆರಳಿದಾಗ ನನ್ನ ಪೆನ್ಸಿಲು ಪ್ರತಿ ಸಾಕ್ಷಿಗೊಮ್ಮೆ ಮೊಂಡಾಗತೊಡಗಿತು. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಪೆನ್ಸಿಲು ಸರಬರಾಜು ಮಾಡಿದವರಿಗೆ ನೋಟಿಸು ಕೊಡಿಸಿದರು. ಕೊನೆಗೆ ಒಂದು ಬೆಳಿಗ್ಗೆ, ತಿರುಗಿಸುವ ಹಿಡಿ ಇರುವ ದೊಡ್ಡ ಶಾರ್ಪನರ್ ಒಂದನ್ನು ತಮ್ಮ ಜೇಬಿನ ದುಡ್ಡಲ್ಲೇ ತಂದು ನನ್ನ ಮೇಜಿಗೆ ಸ್ಕ್ರೂ ಹಾಕಿಸಿದರು.

"ಇನ್ನು ಏಳಬೇಕಾಗಿಲ್ಲವಲ್ಲ?" ಅಂದರು, ಪ್ರೀತಿಯಿಂದ.

ಅವತ್ತು ಮೂರು ಸಲ ಎದ್ದೆ. ಸಂಜೆ ಒಳಗೆ ಕರೆದರು. ಈ ಸಲ ಪ್ರೀತಿ ಇರಲಿಲ್ಲ.

"ನಿಮಗೆ ಈ ಕೆಲಸದಲ್ಲಿ ಆಸಕ್ತಿ ಹೋಗಿದೆ ಅಂತ ಕಾಣುತ್ತೆ. ಶುಕ್ರವಾರದವರೆಗೆ ನೋಡ್ತೀನಿ. ಆಮೇಲೂ ಇದೇ ನಡೆದರೆ ಹಳೇ ಕಡತದ ಕೋಣೆಗೆ ಹಾಕ್ತೀನಿ. ಅಲ್ಲಿ ಎಷ್ಟು ಸಲ ಬೇಕಾದ್ರೂ ಚೂಪು ಮಾಡ್ಕೊಳ್ಳಿ."

ಹಳೇ ಕಡತದ ಕೋಣೆ ಅಂಗಳದ ಆ ತುದಿಯಲ್ಲಿದೆ. ಶೌಚಾಲಯ ಈ ತುದಿಯಲ್ಲಿ. ನಡುವೆ ವಾಹನ ನಿಲ್ಲಿಸುವ ಜಾಗ, ಎರಡು ಮೆಟ್ಟಿಲಸಾಲು, ಒಂದು ಬೀಗ. ಅಲ್ಲಿಗೆ ವರ್ಗವಾದರೆ ನಾನು ಮನುಷ್ಯನಾಗಿ ಉಳಿಯುವುದಿಲ್ಲ ಅಂತ ಅವತ್ತೇ ಖಾತ್ರಿಯಾಯಿತು. ಹೊಟ್ಟೆ ಡಾಕ್ಟರ ಹತ್ತಿರ ಓಡಿದೆ.

"ಹೋದ ಸಲ ಕೊಟ್ಟಿದ್ರಲ್ಲ, ಆ ಸ್ಟೀರಾಯ್ಡು, ಅದನ್ನೇ ಕೊಟ್ಟುಬಿಡಿ ಡಾಕ್ಟ್ರೇ. ಶುಕ್ರವಾರದೊಳಗೆ ನಾನು ಕುರ್ಚಿ ಮೇಲೆ ನೆಟ್ಟಗೆ ಕೂರಬೇಕು."

"ಅಷ್ಟು ಸುಲಭ ಅಲ್ಲ," ಅಂದರು ಡಾಕ್ಟರು. "ನಿಮ್ಮ ಹಳೇ ಕಾಯಿಲೆ ತಾನಾಗೇ ಕೆರಳಿರಬಹುದು. ಇಲ್ಲಾ, ಹೊರಗಿಂದ ಯಾವುದೋ ಬ್ಯಾಕ್ಟೀರಿಯಾ ಬಂದು ಸೇರಿಕೊಂಡಿರಬಹುದು. ನೋಡೋಕೆ ಎರಡೂ ಒಂದೇ ಥರ. ಕಾಯಿಲೆ ಕೆರಳಿದ್ರೆ ಸ್ಟೀರಾಯ್ಡು ಮದ್ದು. ಬ್ಯಾಕ್ಟೀರಿಯಾ ಕೂತಿರೋವಾಗ ಅದನ್ನೇ ಕೊಟ್ಟರೆ ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ. ಮೊದಲು ಮಲ ಪರೀಕ್ಷೆ, ಆಮೇಲೆ ಮದ್ದು. ಇತ್ತೀಚೆಗೆ ಆಂಟಿಬಯೋಟಿಕ್ ಏನಾದ್ರೂ ತಗೊಂಡಿದ್ರಾ?"

"ಇಲ್ಲ. ಶೀತ ಆಗಿತ್ತು ಅಂತ ನಮ್ಮ ಭಾವ ಕೊಟ್ಟ ಕೆಂಪು ಕ್ಯಾಪ್ಸೂಲು ಬಿಟ್ರೆ ಏನೂ ಇಲ್ಲ."

ಡಾಕ್ಟರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಆಮೇಲೆ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದರು.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಬೀದಿಯ ಮೂಲೆಯಲ್ಲಿ ಅವರ ಮೆಡಿಕಲ್ ಶಾಪು. ನಾನು ಅವರಿಗೆ ಭಾವ ಅನ್ನುತ್ತೇನೆ, ಅವರೂ ನನಗೆ ಭಾವ ಅನ್ನುತ್ತಾರೆ. ಗೌರವದಲ್ಲಿ ಇಬ್ಬರೂ ಸಮ. ಧೈರ್ಯದಲ್ಲಿ ಅವರು ಹೆಚ್ಚು.

"ಟೆಸ್ಟಾ? ನಾನು ಸತ್ತಿದೀನಾ ಭಾವ?" ಅಂದರು. "ಇಷ್ಟಕ್ಕೆಲ್ಲ ಟೆಸ್ಟು ಮಾಡಿಸೋರು ಮನೇಲಿ ಮೆಡಿಕಲ್ ಶಾಪ್ ಇಲ್ಲದೋರು. ಆಯ್ತು, ಅಷ್ಟು ಹಟ ಇದ್ರೆ ಹೋಗಿ. ಆದ್ರೆ ಬಸ್ಸಲ್ಲಿ ಲ್ಯಾಬಿನವರೆಗೆ ಹೊಟ್ಟೆ ಸುಮ್ಮನಿರಬೇಕಲ್ಲ? ತಗೊಳ್ಳಿ, ಕಟ್ಟೋ ಮಾತ್ರೆ. ಎರಡು ಹಾಕ್ಕೊಳ್ಳಿ. ಅಣೆಕಟ್ಟು!"

ಅಣೆಕಟ್ಟು ನಿಂತಿತು. ಬೆಳಿಗ್ಗೆ ಬಹಳ ಪ್ರಯತ್ನದ ಮೇಲೆ ಡಬ್ಬಿಗೆ ಒಂದಿಷ್ಟು ದೊರಕಿತು. ಹೆಂಡತಿಯನ್ನು ಕರೆದುಕೊಂಡು ಲ್ಯಾಬಿಗೆ ಹೋದೆ. ಕೌಂಟರಿನ ಹೆಂಗಸು ಡಬ್ಬಿಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಸೀದಾ ಮಾಡಿ, ವಾಪಸು ಇಟ್ಟಳು.

"ಇದು ಆಗಲ್ಲ. ಗಟ್ಟಿ ಇದೆ. ಈ ಪರೀಕ್ಷೆಗೆ ನೀರಾಗೇ ಇರಬೇಕು. ಡಬ್ಬಿ ಓರೆಯಾದ್ರೆ ಅದೂ ಓರೆಯಾಗಬೇಕು."

ನನ್ನ ಮೈಯೆಲ್ಲ ಉರಿಯಿತು. "ಏನಮ್ಮಾ, ವರ್ಷಗಟ್ಟಲೆ ಆದಮೇಲೆ ನನ್ನ ಕರುಳು ಒಂದು ಗಟ್ಟಿ ಕೆಲಸ ಮಾಡಿದೆ. ಅದನ್ನೂ ಬೇಡ ಅಂತೀರಾ?"

"ಚೆನ್ನಾಗಿದೆ ಸಾರ್. ಆದ್ರೆ ಚೆನ್ನಾಗಿರೋದು ನಮಗೆ ಬೇಡ."

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ಡಬ್ಬಿಯತ್ತ ಇಣುಕಿ ನಿಟ್ಟುಸಿರು ಬಿಟ್ಟರು. "ಪುಣ್ಯವಂತರಪ್ಪಾ. ಯಾಕೆ ದೂರು ಹೇಳ್ತೀರಿ?"

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಕಟ್ಟುವ ಮಾತ್ರೆಯ ಹೆಸರು ಕೇಳಿದ್ದೇ ಅವರು ಬೈದ ಬೈಗುಳವನ್ನು ಶೀಘ್ರಲಿಪಿಯಲ್ಲೂ ಹಿಡಿಯಲಾಗುತ್ತಿರಲಿಲ್ಲ. ಒಳಗೆ ಸೋಂಕಿದ್ದರೆ ಕಟ್ಟುವುದು ಅಪಾಯವಂತೆ. ಇನ್ನೊಂದು ಮಾತ್ರೆ ಮುಟ್ಟಿದರೆ ತಾವೇ ಮನೆಗೆ ಬರುತ್ತಾರಂತೆ. ಹೊಸ ಡಬ್ಬಿ, ಹೊಸ ಮಾದರಿ. ಎರಡು ಗಂಟೆಯೊಳಗೆ ತಲುಪಿಸಬೇಕು, ಇಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟು ಅದೇ ದಿನ ತರಬೇಕು.

"ಎರಡು ಡಬ್ಬಿ ಕೊಡಮ್ಮಾ," ಅಂದಳು ನನ್ನ ಹೆಂಡತಿ ಕೌಂಟರಿಗೆ. "ಇವರನ್ನ ನಂಬೋಕಾಗಲ್ಲ." ಒಂದು ನನ್ನ ಜೇಬಿಗೆ, ಒಂದು ಅವಳ ಚೀಲಕ್ಕೆ.

ಇಷ್ಟಾಗುವಾಗ ಗುರುವಾರ ಬಂದಿತ್ತು. ಅಣೆಕಟ್ಟು ಒಡೆದದ್ದು ಕೋರ್ಟು ಶುರುವಾಗುವ ಸ್ವಲ್ಪ ಮೊದಲು. ಡಬ್ಬಿ ಜೇಬಿನಲ್ಲೇ ಇತ್ತು. ಕೆಲಸ ಸಾಂಗವಾಗಿ ಮುಗಿಯಿತು. ಈ ಸಲ ಡಬ್ಬಿ ಓರೆ ಮಾಡಿದರೆ ಅದೂ ಓರೆಯಾಗುತ್ತಿತ್ತು. ಇಂಥ ವಸ್ತುವನ್ನು ನೋಡಿ ನಾನು ಜೀವನದಲ್ಲಿ ಮೊದಲ ಸಲ ಹಿಗ್ಗಿದೆ. ಆದರೆ ಅವತ್ತು ದೊಡ್ಡ ಮೊಕದ್ದಮೆಯ ಪಾಟಿಸವಾಲು. ಊಟದ ಬಿಡುವಿನವರೆಗೆ ಕದಲುವಂತಿಲ್ಲ. ಫ್ರಿಜ್ಜು ಬೇಕು.

ಇಡೀ ಕೋರ್ಟಿನಲ್ಲಿ ಫ್ರಿಜ್ಜು ಇರುವುದು ಮುದ್ದೆಮಾಲು ಕೋಣೆಯಲ್ಲಿ. ಪೊಲೀಸರು ವಶಪಡಿಸಿಕೊಂಡು ತಂದದ್ದನ್ನೆಲ್ಲ, ಅಂದರೆ ಚಾಕು, ಮಚ್ಚು, ಕದ್ದ ಸೈಕಲ್ಲು, ರಕ್ತದ ಶೀಸೆ, ಮೊಕದ್ದಮೆ ಮುಗಿಯುವವರೆಗೆ ಇಡುವ ಕೋಣೆ ಅದು. ಅದನ್ನು ಕಾಯುವವರನ್ನು ನಾವು ಬೀಗಪ್ಪ ಅನ್ನುತ್ತೇವೆ. ಅವರ ಸೊಂಟದಲ್ಲಿರುವ ಬೀಗದಕೈ ಗೊಂಚಲು ಅವರಿಗಿಂತ ಮೊದಲು ಬಾಗಿಲಿಗೆ ಬರುತ್ತದೆ.

ಡಬ್ಬಿಯನ್ನು ಬರಿಗೈಯಲ್ಲಿ ಹಿಡಿದುಕೊಂಡು ಹೋಗಲು ನಾನೇನು ಬುದ್ಧಿಯಿಲ್ಲದವನೇ? ಆಫೀಸಿನ ಕಂದು ಕಾಗದದಲ್ಲಿ ಸುತ್ತಿದೆ. ಕೈಗೆ ಅಭ್ಯಾಸ, ಕೆಂಪು ದಾರವನ್ನೂ ಕಟ್ಟಿತು.

"ಏನಿದು?" ಅಂದರು ಬೀಗಪ್ಪ.

ಇಲ್ಲಿ ಒಂದು ಮಾತು ನಿಜ ಹೇಳಬಹುದಿತ್ತು. ಆದರೆ ಹಿಂದೆ ಇಬ್ಬರು ಟೈಪಿಸ್ಟ್ ಹೆಣ್ಣುಮಕ್ಕಳು ನಿಂತಿದ್ದರು. ಎದೆ ಸೆಟೆಸಿ, "ಸ್ಯಾಂಪಲ್," ಅಂದೆ. "ಪ್ರಯೋಗಾಲಯಕ್ಕೆ ಹೋಗಬೇಕು. ಬಹಳ ಮುಖ್ಯ. ಮಧ್ಯಾಹ್ನದವರೆಗೆ ತಂಪಲ್ಲಿರಲಿ."

"ಓ, ಸ್ಯಾಂಪಲ್ಲು," ಅಂದರು ಬೀಗಪ್ಪ ಗೌರವದಿಂದ. ಅರಗು ಕಾಯಿಸಿದರು. ಗಂಟಿನ ಮೇಲೆ ಸುರಿದು ಮೊಹರು ಒತ್ತಿದರು. ನಂಬರು ಬರೆದರು. ಯಾರದೋ ರಕ್ತಕ್ಕೂ ಯಾರೋ ಕುಡಿದ ವಿಷಕ್ಕೂ ನಡುವೆ ಜಾಗ ಮಾಡಿ ಇಟ್ಟರು. ನಾನು ಥ್ಯಾಂಕ್ಸ್ ಹೇಳಿದೆ. ಹೌದು, ನನ್ನ ವಸ್ತುವನ್ನು ಕೈಯಾರೆ ಜೈಲಿಗೆ ಕಳಿಸಿ ನಾನೇ ಥ್ಯಾಂಕ್ಸ್ ಹೇಳಿದೆ.

ಊಟದ ಬಿಡುವಿಗೆ ಓಡಿಬಂದೆ. "ಕೊಡಿ ಬೀಗಪ್ಪ, ತಡವಾಯ್ತು."

"ಆದೇಶ ಎಲ್ಲಿ?"

"ಯಾವ ಆದೇಶ?"

"ಕೋರ್ಟಿನ ಆದೇಶ. ಒಳಗೆ ಹೋಗೋಕೆ ನಂಬರು ಸಾಕು. ಹೊರಗೆ ಬರೋಕೆ ಆದೇಶ ಬೇಕು. ನಿಮಗೆ ಗೊತ್ತಿಲ್ವಾ ಸ್ಟೆನೋ ಸಾರ್? ಆ ಆದೇಶಗಳನ್ನೆಲ್ಲ ಟೈಪ್ ಮಾಡೋರೇ ನೀವು."

"ಅದು ನಂದು ಕಣ್ರೀ!"

"ಈ ಬಾಗಿಲಿಗೆ ಬಂದೋರೆಲ್ಲ ಹಂಗೇ ಅಂತಾರೆ. ಕಳಕೊಂಡೋನೂ ಅಂತಾನೆ, ಕದ್ದೋನೂ ಅಂತಾನೆ."

ಬೇರೆ ದಾರಿ ಕಾಣದೆ ಅವರ ಕಿವಿಯಲ್ಲಿ ಒಳಗಿರುವುದೇನು ಅಂತ ಹೇಳಿದೆ. ಬೀಗಪ್ಪ ಎದ್ದು ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಬಂದು, ಕೈ ಒರೆಸುತ್ತಾ ಹೇಳಿದರು.

"ಇದನ್ನ ಮೊದಲೇ ಹೇಳಿದ್ರೆ ಒಳಗೆ ಬಿಡ್ತಿರಲಿಲ್ಲ. ಈಗ ಹೇಳಿದ್ರಿ, ಹೊರಗೆ ಬಿಡೋಕಾಗಲ್ಲ."

"ಏನು ಅನ್ಯಾಯ ಇದು!"

"ಅನ್ಯಾಯ ಆಗಿದ್ರೆ ಪಕ್ಕದಲ್ಲೇ ನ್ಯಾಯಾಲಯ ಇದೆಯಲ್ಲ ಸಾರ್, ಹೋಗಿ."

ಈ ಮಾತು ಕಾರಿಡಾರಿನಲ್ಲಿದ್ದ ಒಬ್ಬ ವಕೀಲರ ಕಿವಿಗೆ ಬಿತ್ತು. ಎರಡುಮಾತು ವಕೀಲರು ಅಂತಲೇ ಅವರು ಪ್ರಸಿದ್ಧರು. "ಇನ್ನೆರಡೇ ಮಾತು ಮಹಾಸ್ವಾಮಿ" ಅಂತ ಶುರು ಮಾಡಿದರೆಂದರೆ ಗೋಡೆಯ ಗಡಿಯಾರವೂ ಕೂತುಕೊಳ್ಳಲು ಜಾಗ ಹುಡುಕುತ್ತದೆ. ನನ್ನ ಹೊಟ್ಟೆಯ ವಿಷಯ ಅವರಿಗೆ ಮೊದಲೇ ಗುಮಾನಿಯಿತ್ತು. ತಮ್ಮ ಸಾಕ್ಷಿ ತಡವರಿಸುವ ದಿನ, "ಸ್ಟೆನೋ ಸಾರ್, ಇವತ್ತು ಪೆನ್ಸಿಲು ಹೇಗಿದೆ?" ಅಂತ ಆಸೆಯಿಂದ ಕೇಳುತ್ತಿದ್ದರು.

"ಫೀಸು ಬೇಡ," ಅಂದರು ಕಣ್ಣು ಅರಳಿಸಿ. "ಇಂಥ ಕೇಸು ನನ್ನ ಜನ್ಮದಲ್ಲಿ ಬಂದಿಲ್ಲ. ಈಗಲೇ ಅರ್ಜಿ ಹಾಕೋಣ. ತುರ್ತು ಅಂತ."

ಹೆಂಡತಿಗೆ ಫೋನು ಮಾಡಿ ವಿಷಯ ಹೇಳಿದೆ. "ನಮ್ಮನೆದು ನಮಗೆ ಕೊಡಲ್ವಂತಾ? ಬರ್ತೀನಿ ಇರಿ," ಅಂದಳು.

ಬಿಡುವು ಮುಗಿದು ಕೋರ್ಟು ಕೂತಿತು. ಅರ್ಜಿ ಸಾಹೇಬರ ಮುಂದೆ ಬಂತು. ಸಾಹೇಬರು ಅರ್ಜಿದಾರನ ಹೆಸರು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಪೆನ್ಸಿಲು ಹಿಡಿದು ಕೂತಿದ್ದೆ. ಏಕೆಂದರೆ ಬೇರೆ ಸ್ಟೆನೋ ಇಲ್ಲ. ನನ್ನ ಮಾನ ಹರಾಜಾಗುವುದನ್ನು ನಾನೇ ಬರೆದುಕೊಳ್ಳಬೇಕು, ನಾನೇ ಟೈಪು ಮಾಡಬೇಕು, ನಾನೇ ತಪ್ಪು ತಿದ್ದಬೇಕು. ಯಾವ ಆರೋಪಿಗೂ ಈ ಶಿಕ್ಷೆ ಕೊಟ್ಟದ್ದನ್ನು ನಾನು ಕಂಡಿಲ್ಲ.

"ಮಹಾಸ್ವಾಮಿ," ಅಂದರು ಎರಡುಮಾತು ವಕೀಲರು. "ನನ್ನ ಕಕ್ಷಿದಾರರು ತಮ್ಮ ಸ್ವಂತ ಪರಿಶ್ರಮದಿಂದ ಸಂಪಾದಿಸಿದ ಒಂದು ವಸ್ತು, ಅವರ ಇಚ್ಛೆಗೆ ವಿರುದ್ಧವಾಗಿ ಮುದ್ದೆಮಾಲು ಕೋಣೆಯಲ್ಲಿದೆ. ಸದರಿ ವಸ್ತುವನ್ನು ಬಿಡುಗಡೆ ಮಾಡಬೇಕು."

"ಆಕ್ಷೇಪಣೆ," ಅಂದರು ಸರ್ಕಾರಿ ವಕೀಲರು. ಅವರು ಅರ್ಜಿ ಓದಿರಲಿಲ್ಲ. ಯಾರು ಏನು ಕೇಳಿದರೂ ಆಕ್ಷೇಪಣೆ ಅನ್ನುವುದು ಅವರಿಗೆ ಉಸಿರಾಟದಂತೆ.

"ಏನು ವಸ್ತು?" ಅಂದರು ಸಾಹೇಬರು.

ವಕೀಲರು ಕೆಮ್ಮಿದರು. "ಅದೊಂದು... ಜೈವಿಕ ಸ್ವರೂಪದ ವಸ್ತು ಮಹಾಸ್ವಾಮಿ. ಕಾಲ ಕಳೆದ ಹಾಗೆ ಮೌಲ್ಯ ಕಳೆದುಕೊಳ್ಳುವಂಥದ್ದು."

"ಹಣ್ಣೋ ತರಕಾರಿಯೋ?"

"ಆ ಸ್ಥಿತಿ ದಾಟಿದೆ ಮಹಾಸ್ವಾಮಿ."

"ಒಡೆತನಕ್ಕೆ ರುಜುವಾತಿಲ್ಲ," ಅಂದರು ಸರ್ಕಾರಿ ವಕೀಲರು. "ರಸೀದಿ ಇಲ್ಲ. ವಸ್ತುವಿನ ಮೇಲೆ ಗುರುತಿನ ಚಿಹ್ನೆ ಇದೆಯಾ? ಅರ್ಜಿದಾರರು ನಾಲ್ಕು ಜನರ ಮುಂದೆ ಅದನ್ನ ನೋಡಿ ಇದು ನನ್ನದೇ ಅಂತ ಗುರುತಿಸಬೇಕು. ನಾಳೆ ಬೇರೆ ಯಾರಾದ್ರೂ ಬಂದು ಹಕ್ಕು ಸಾಧಿಸಿದರೆ? ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕರೆಯಬೇಕು. ಸರ್ಕಾರಕ್ಕೆ ಕಾಲಾವಕಾಶ ಬೇಕು."

"ಇನ್ನೆರಡೇ ಮಾತು ಮಹಾಸ್ವಾಮಿ—"

"ಮೊದಲು ಒಂದು ಮಾತು ಹೇಳಿ!" ಸಾಹೇಬರ ದನಿ ಏರಿತು. "ವಸ್ತು ಏನು?"

ಎರಡುಮಾತು ವಕೀಲರಿಗೆ, ಅವರ ವೃತ್ತಿಯಲ್ಲೇ ಮೊದಲ ಸಲ, ಒಂದು ಮಾತೂ ಹೊರಡಲಿಲ್ಲ. ಅವರು ನನ್ನನ್ನು ನೋಡಿದರು. ನಾನು ಬೀಗಪ್ಪನನ್ನು ನೋಡಿದೆ. ಬೀಗಪ್ಪ ಚಾವಣಿ ನೋಡಿದರು. ನನ್ನ ಪೆನ್ಸಿಲು ಗಾಳಿಯಲ್ಲಿ ನಿಂತಿತ್ತು.

ಹಿಂದಿನ ಬೆಂಚಿನಿಂದ ನನ್ನ ಹೆಂಡತಿ ಎದ್ದುನಿಂತಳು. ಪಕ್ಕದಲ್ಲಿ ಭಾವ ಅವಳ ಸೆರಗು ಹಿಡಿದು ಎಳೆಯುತ್ತಿದ್ದರು.

"ಮಲ ಸ್ವಾಮಿ! ನನ್ನ ಗಂಡನ ಮಲ!"

ಬರೆದುಕೊಂಡೆ. ಅದಕ್ಕೂ ಒಂದು ಗೀರಿದೆ, ಚಿಕ್ಕದು.

"ಯಾರಮ್ಮಾ ನೀವು?"

"ಇವರ ಹೆಂಡ್ತಿ. ಇವರಿಗೆ ಕರುಳಿನ ಕಾಯಿಲೆ. ಈಗ ಅದರ ಮೇಲೆ ಬ್ಯಾಕ್ಟೀರಿಯಾ ಬಂದು ಕೂತಿದೆಯೋ ಅಂತ ನೋಡಬೇಕಂತೆ. ನೋಡದೆ ಮದ್ದು ಕೊಟ್ರೆ ಜೀವಕ್ಕೇ ಕುತ್ತಂತೆ. ನೀವು ನೋಡಿದ್ರೆ ನಾಳೆವರೆಗೆ ಗಡುವು ಕೊಟ್ಟಿದೀರಿ. ಪೆನ್ಸಿಲು ಮೊಂಡಾಗೋದೂ ಇಲ್ಲ ಎಂಥದೂ ಇಲ್ಲ. ಇವರು ಎದ್ದು ಹೋಗೋದು ಕಕ್ಕಸಿಗೆ. ಬಾಯಿ ಬಿಟ್ಟು ಹೇಳೋಕೆ ನಾಚಿಕೆ, ರಾಯರಿಗೆ! ಊರಿನವರ ಮಾತೆಲ್ಲ ಬರೀತಾರೆ, ತಮ್ಮದೊಂದು ಮಾತು ಆಡಲ್ಲ. ಇನ್ನು ಈ ವಕೀಲಪ್ಪ ಕೇಳ್ತಾರೆ, ಬೇರೆ ಯಾರಾದ್ರೂ ಹಕ್ಕು ಸಾಧಿಸಿದ್ರೆ ಅಂತ. ಯಾರು ಸ್ವಾಮಿ ಬರ್ತಾರೆ? ಕರೀರಿ, ನಾನೂ ನೋಡ್ತೀನಿ!"

ಯಾರೂ ಬರಲಿಲ್ಲ. ಸರ್ಕಾರಿ ವಕೀಲರು ಮಾತ್ರ, "ಈ ಹೇಳಿಕೆಗೆ ಆಕ್ಷೇಪಣೆ," ಅಂದು, ಎದುರಿಗೆ ನಿಂತ ಮುಖ ನೋಡಿ, "ಸೌಮ್ಯವಾಗಿ," ಅಂತ ಸೇರಿಸಿದರು.

"ನಮ್ಮ ಭಾವ ಬಹಳ ಸೂಕ್ಷ್ಮ ಸ್ವಾಮಿ," ಅಂದರು ಭಾವ, ಕರೆಯದೆಯೇ ಎದ್ದುನಿಂತು. "ಟೆಸ್ಟು ಬೇಡ ಅಂತ ನಾನು ಮೊದಲೇ—"

"ಕೂತ್ಕೊಳೋ," ಅಂದಳು ಅವರ ತಂಗಿ. ಕೂತರು.

ಆಗ ಅದು ಬಂತು.

ಓದುಗರೇ, ಯೋಚಿಸಿ. ಸಾಹೇಬರು ನನ್ನನ್ನೇ ನೋಡುತ್ತಿದ್ದಾರೆ. ಇಬ್ಬರು ವಕೀಲರು, ಕಟಕಟೆಯ ಸಾಕ್ಷಿ, ಕೈಕೋಳ ಹಾಕಿಸಿಕೊಂಡ ಇಬ್ಬರು ಕಳ್ಳರು, ಅವರ ಪೊಲೀಸರು, ಬಾಗಿಲಲ್ಲಿ ಇಣುಕುತ್ತಿರುವ ಟೈಪಿಸ್ಟ್ ಹೆಣ್ಣುಮಕ್ಕಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಆ ಹೊತ್ತಿನಲ್ಲಿ ಕರೆ. ಅಭ್ಯಾಸಬಲದಿಂದ ಕೈ ತಾನಾಗಿ ಮೇಲೆದ್ದು ಪೆನ್ಸಿಲು ತೋರಿಸಿತು. ಎದುರಿಗೆ ಮೇಜಿನ ಮೇಲೆ ಶಾರ್ಪನರು ಹೊಳೆಯುತ್ತಿತ್ತು. ಕಳ್ಳರಲ್ಲೊಬ್ಬ ಕಿಸಕ್ಕೆಂದ. ಅವನಿಗೂ ಗೊತ್ತಾಗಿಹೋಯಿತು!

ನಾನು ಪೆನ್ಸಿಲು ಕೆಳಗಿಟ್ಟೆ.

"ಕಕ್ಕಸಿಗೆ ಹೋಗಬೇಕು ಸ್ವಾಮಿ," ಅಂದೆ.

ನನ್ನ ವೃತ್ತಿಜೀವನದಲ್ಲಿ ಆ ಕೋಣೆಯಲ್ಲಿ ನನ್ನದೇ ಅಂತ ಆಡಿದ ಮೊದಲ ಮಾತು ಅದು. ಬರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಬಾಗಿಲ ಕಡೆ ಹೊರಟಾಗ ಹೆಂಡತಿ ಚೀಲಕ್ಕೆ ಕೈಹಾಕಿ ಎರಡನೇ ಡಬ್ಬಿಯನ್ನು ನನ್ನ ಅಂಗೈಗೆ ಒತ್ತಿದಳು. "ಈ ಸಲ ಯಾರ ಕೈಗೂ ಕೊಡಬೇಡಿ," ಅಂದಳು. ಹಿಂದಿನಿಂದ ಸಾಹೇಬರು ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಶುರು ಮಾಡಿದ್ದು ಕೇಳಿಸಿತು. ಉದ್ದನೆಯ ವಾಕ್ಯ, ಆದೇಶ ಕೊಡುವಾಗಿನ ದನಿ. ನನ್ನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.

ತಿರುಗಿ ಬಂದಾಗ ಸಾಹೇಬರು ಹೇಳುವುದನ್ನು ಹೇಳಿ ಮುಗಿಸಿದ್ದರು. ಕೋರ್ಟು ಕಾಯುತ್ತಿತ್ತು. ಆಶ್ಚರ್ಯ ಅಂದರೆ ನನ್ನ ಕುರ್ಚಿ ಅದರ ಜಾಗದಲ್ಲಿರಲಿಲ್ಲ. ಮೇಜು, ಕುರ್ಚಿ, ಕಾಗದ ಎಲ್ಲ ಸಾಹೇಬರ ಬಲಗಡೆಯ ಪಕ್ಕದ ಬಾಗಿಲ ಹತ್ತಿರ ಹೋಗಿದ್ದವು. ಆ ಬಾಗಿಲು ತೆರೆದರೆ ಸಾಹೇಬರದೇ ಕೊಠಡಿ. ಅದರೊಳಗೆ ಅವರದೇ ಶೌಚಾಲಯ. ಶಾರ್ಪನರಿನ ಸ್ಕ್ರೂಗಳನ್ನು ಬೀಗಪ್ಪ ಬಿಚ್ಚುತ್ತಿದ್ದರು.

"ಲ್ಯಾಬಿಗೆ ಹೋಗಿ ಬನ್ನಿ," ಅಂದರು ಸಾಹೇಬರು ನನ್ನ ಮುಖ ನೋಡದೆ. "ಕೋರ್ಟು ನಾಳೆ ಕೂರುತ್ತೆ."

ಲ್ಯಾಬಿನ ಹೆಂಗಸು ಡಬ್ಬಿ ಓರೆ ಮಾಡಿ, "ಇದು ಸರಿಯಾಗಿದೆ," ಅಂದಳು. ವರದಿ ಬಂತು. ಹಳೇ ಕಾಯಿಲೆ ಕೆರಳಿರಲಿಲ್ಲ. ಬ್ಯಾಕ್ಟೀರಿಯಾವೇ. ಉದ್ದನೆಯ ಹೆಸರು, ಚಿಕ್ಕದಾಗಿ ಸಿ. ಡಿಫ್ ಅನ್ನುತ್ತಾರಂತೆ. ಬೇಡದ ಆಂಟಿಬಯೋಟಿಕ್ ತಿಂದು ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳೆಲ್ಲ ಸತ್ತಾಗ, ಖಾಲಿ ಮನೆಗೆ ನುಗ್ಗಿದ ಹಾಗೆ ಬಂದು ಸೇರುವಂಥದ್ದು. "ಸ್ಟೀರಾಯ್ಡು ಬರೆದುಬಿಟ್ಟಿದ್ರೆ ನೀವು ಈಗ ಆಸ್ಪತ್ರೆಯಲ್ಲಿರ್ತಿದ್ರಿ," ಅಂದರು ಡಾಕ್ಟರು, ಅದಕ್ಕೇ ಅಂತಿರುವ ಬೇರೆ ಮದ್ದು ಬರೆಯುತ್ತಾ. ನನ್ನ ಹೆಂಡತಿ ಆ ವರದಿಯನ್ನು ಸೀದಾ ಮೂಲೆಯ ಮೆಡಿಕಲ್ ಶಾಪಿಗೆ ತೆಗೆದುಕೊಂಡು ಹೋದಳು. ಅಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಆಮೇಲಿಂದ ಭಾವ ಯಾರಿಗೇ ಶೀತವಾದರೂ, "ಬಿಸಿನೀರು ಕುಡೀರಿ," ಅನ್ನುತ್ತಾರೆ. ಕೆಂಪು ಕ್ಯಾಪ್ಸೂಲಿನ ಸುದ್ದಿಯೇ ಇಲ್ಲ.

ಹೊಟ್ಟೆ ಸುಧಾರಿಸಿತು. ಕಡತದ ಕೋಣೆಯ ಮಾತು ಯಾರೂ ಎತ್ತಲಿಲ್ಲ. ಆದರೂ ನನ್ನ ಸಿಟ್ಟು ಇಳಿದಿಲ್ಲ, ಎರಡು ಕಾರಣಕ್ಕೆ.

ಮೊದಲನೆಯದು, ಅವತ್ತು ಸಾಹೇಬರು ಏನು ಹೇಳಿದರು? ತುಂಬಿದ ಕೋರ್ಟಿನಲ್ಲಿ, ನನ್ನ ಬಗ್ಗೆ, ಅಷ್ಟುದ್ದದ ವಾಕ್ಯ. ಬರೆದುಕೊಳ್ಳಬೇಕಾದ ಒಬ್ಬನೇ ಮನುಷ್ಯ ಆಗ ಕಕ್ಕಸಿನಲ್ಲಿದ್ದ.

"ಬಹಳ ಒಳ್ಳೆ ಮಾತು ಆಡಿದ್ರು ರೀ," ಅನ್ನುತ್ತಾಳೆ ಹೆಂಡತಿ. "ಪದಕ್ಕೆ ಪದ ನೆನಪಿಲ್ಲ. ನನಗೆ ಅಳು ಬಂದುಬಿಡ್ತು."

"ನನ್ನ ವಾದವನ್ನ ಪೂರ್ತಿ ಒಪ್ಪಿಕೊಂಡ್ರು," ಅನ್ನುತ್ತಾರೆ ಎರಡುಮಾತು ವಕೀಲರು.

"ನನ್ನ ಆಕ್ಷೇಪಣೆಯನ್ನ ಎತ್ತಿ ಹಿಡಿದ್ರು," ಅನ್ನುತ್ತಾರೆ ಸರ್ಕಾರಿ ವಕೀಲರು.

"ಬೀಗದ ಬಗ್ಗೆ ಏನೂ ಅನ್ನಲಿಲ್ಲ," ಅನ್ನುತ್ತಾರೆ ಬೀಗಪ್ಪ.

"ಮೆಡಿಕಲ್ ಶಾಪಿನೋರ ಬಗ್ಗೆ ಏನೋ ಅಂದ ಹಾಗಿತ್ತು," ಅನ್ನುತ್ತಾರೆ ಭಾವ. "ನನಗೆ ಸರಿಯಾಗಿ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೇದಾಯ್ತು."

ತಡೆಯಲಾಗದೆ ಒಂದು ಸಂಜೆ ಸಾಹೇಬರನ್ನೇ ಕೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

"ದಾಖಲೆಯಲ್ಲಿದೆಯಾ?"

"ಇಲ್ಲ ಸ್ವಾಮಿ."

"ಹಾಗಾದ್ರೆ ನಾನು ಏನೂ ಹೇಳಿಲ್ಲ."

ಎರಡನೆಯದು ಆ ಡಬ್ಬಿ. ದಾಖಲೆಯಲ್ಲಿಲ್ಲದ ಆದೇಶ ಆದೇಶವಲ್ಲವಲ್ಲ, ಅದು ಇನ್ನೂ ಮುದ್ದೆಮಾಲು ಕೋಣೆಯ ಫ್ರಿಜ್ಜಿನಲ್ಲೇ ಇದೆ, ಅರಗು ಮೊಹರಿನ ಸಮೇತ. ಬಿಟ್ಟುಕೊಡಲು ಒಡೆತನದ ರುಜುವಾತು ಬೇಕು. ಬಿಸಾಡಲು ಅದಕ್ಕಿಂತ ಹೆಚ್ಚಿನ ಆದೇಶ ಬೇಕು. ಬೀಗಪ್ಪ ಅದನ್ನು ವಿಷದ ಶೀಸೆಯಿಂದ ದೂರ ಸರಿಸಿದ್ದಾರೆ. ವಿಷ ಕೆಡಬಾರದು ಅಂತ. ಪ್ರತಿ ಸಲ ಅರ್ಜಿಯ ವಿಚಾರಣೆಯ ದಿನಾಂಕ ಬಂದಾಗ ನನ್ನ ಹೆಸರು ಕೂಗುತ್ತಾರೆ. ನಾನು ಕುರ್ಚಿಯಿಂದಲೇ "ಹಾಜರ್" ಅನ್ನುತ್ತೇನೆ, ಅಂದದ್ದನ್ನು ಬರೆದುಕೊಳ್ಳುತ್ತೇನೆ. ಸರ್ಕಾರಿ ವಕೀಲರು ಎದ್ದು ಕಾಲಾವಕಾಶ ಕೇಳುತ್ತಾರೆ.

ಹೋದ ಸಲವೂ ಕೇಳಿದರು. ಸಾಹೇಬರು ಎಂದಿನಂತೆ ಹೇಳತೊಡಗಿದರು: "ಸದರಿ ಡಬ್ಬಿಯ ವಿಚಾರಣೆಯನ್ನು ಮುಂದಿನ ದಿನಾಂಕಕ್ಕೆ—"

ಅಷ್ಟರಲ್ಲಿ ನನಗೆ ಕರೆ ಬಂತು. ನಾನು ಪೆನ್ಸಿಲು ಎತ್ತಲಿಲ್ಲ, ಯಾರನ್ನೂ ಕೇಳಲಿಲ್ಲ. ಎದ್ದೆ, ಪಕ್ಕದ ಬಾಗಿಲು ತೆರೆದೆ, ಹೋದೆ. ಅವಸರ ಮಾಡಲಿಲ್ಲ. ಕೈ ತೊಳೆದುಕೊಂಡು, ಸಾಹೇಬರ ಟವಲ್ಲಿಗೇ ಒರೆಸಿಕೊಂಡು ಬಂದೆ.

ಕೋರ್ಟು ಹಾಗೇ ಕೂತಿತ್ತು. ಯಾರೂ ಕೆಮ್ಮಿರಲಿಲ್ಲ. ಎರಡುಮಾತು ವಕೀಲರೂ ಬಾಯಿ ಮುಚ್ಚಿಕೊಂಡಿದ್ದರು. ನಾನು ಕೂತು, ಪೆನ್ಸಿಲು ಹಿಡಿದು, ಸಾಹೇಬರ ಕಡೆ ನೋಡಿದೆ.

"ಮುಂದೂಡಲಾಗಿದೆ," ಅಂದರು.

ಬರೆದುಕೊಂಡೆ.